ಕಡೆಯ ಮನೆಯ ಭಿಕ್ಷೆ

ಹೊಳೆಯ ದಡದಲ್ಲೊಂದು ಮಠ. ಅಲ್ಲಿ ದೀಪವಿತ್ತು, ಬಾವಿಯಿತ್ತು, ಬೇವಿನ ಮರವಿತ್ತು. ಒಲೆ ಇರಲಿಲ್ಲ.

ಮಠದ ಗುರುವಿನ ಹೆಸರು ಬಸಲಿಂಗಮ್ಮ. ಊರವರಿಗೆ ಅವರು ಅವ್ವಾರು. ವಯಸ್ಸಾಗಿತ್ತು, ಮೊಣಕಾಲು ಹಿಡಿದಿತ್ತು, ನಾಲಗೆ ಮಾತ್ರ ಇನ್ನೂ ಚುರುಕಾಗಿತ್ತು.

ಅವರ ಬಳಿಗೆ ವಾರಿಜಾ ಎಂಬಾಕೆ ಬಂದಳು. ದೇಶ ಸುತ್ತಿದವಳು, ಕೋಶ ಓದಿದವಳು. ಸಮುದ್ರದಾಚೆಯ ಊರುಗಳಲ್ಲಿ ದುಭಾಷಿಯ ಕೆಲಸ ಮಾಡಿದವಳು. ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುತ್ತ ದಾಟಿಸುತ್ತ, ತನ್ನ ಮಾತನ್ನು ಯಾರೊಡನೆ ಕಡೆಯ ಬಾರಿ ಆಡಿದ್ದೆಂಬುದೇ ಮರೆತುಹೋಗಿತ್ತು.

ಚೀಲ ಬಿಚ್ಚಿದಾಗ ಎರಡು ಸೀರೆ ಹೊರಬಂದವು. ಉಳಿದದ್ದೆಲ್ಲ ಡಬ್ಬಿಗಳು.

"ಇದೇನವ್ವಾ, ಅಂಗಡಿ ಇಡಾಕ ಬಂದೀಯೇನು?" ಎಂದರು ಅವ್ವಾರು.

"ಇಲ್ಲ ಅವ್ವಾರೇ, ನನ್ನ ಮಾತ್ರೆಗಳು. ಇದು ರಕ್ತಕ್ಕೆ. ಇದು ಮೂಳೆಗೆ. ಇದು ವಿಟಮಿನ್ನು. ಈ ಪುಡಿ ನೀರಿಗೆ ಹಾಕಿ ಕುಡಿದರೆ ಪ್ರೋಟೀನು."

"ಜಡ್ಡೇನೈತಿ ನಿನಗ?"

"ಜಡ್ಡೇನಿಲ್ಲ."

"ಡಾಕ್ಟರ್ ತಗೋ ಅಂದಾರೇನು?"

"ಅವರೇನೂ ಹೇಳಿಲ್ಲ. ನಾನೇ ಓದಿ ತಿಳಿದುಕೊಂಡೆ."

ಅವ್ವಾರು ಒಂದು ಹಳದಿ ಗುಳಿಗೆಯನ್ನು ಬೆಳಕಿಗೆ ಹಿಡಿದರು. "ಇದು ಚಂದ ಐತಿ. ಇದೇನು?"

"ಮೀನೆಣ್ಣೆ."

ಅವ್ವಾರು ಅದನ್ನು ಮೆಲ್ಲಗೆ ಕೆಳಗಿಟ್ಟರು. "ಹೊಳೀ ದಂಡಿಗೆ ಮೀನದ ಎಣ್ಣಿ ಹೊತಗೊಂಡು ಬಂದೀ. ಮೀನಗೋಳಿಗೆ ಗೊತ್ತಾದ್ರ ನಕ್ಕಾವು. ಊಟಾ ಮಾಡೂದಿಲ್ಲೇನು?"

"ಒಬ್ಬಳಿಗೇನು ಅಡುಗೆ ಅವ್ವಾರೇ? ಹೋಟೆಲ್ ರೂಮಿನಲ್ಲಿ ಏನೋ ಒಂದಿಷ್ಟು ತಿಂತಿದ್ದೆ. ದೇಹಕ್ಕೆ ಯಾವುದೂ ಕಡಿಮೆಯಾಗಬಾರದು ಅಂತ ಇವು."

"ಡಬ್ಬೀ ಮ್ಯಾಲ ಏನ ಬರದಾರ, ಓದು."

"ದಿನಕ್ಕೊಂದು. ಊಟದ ನಂತರ."

"ಯಾವ ಊಟದ?"

ವಾರಿಜಾ ಡಬ್ಬಿಯ ಮುಚ್ಚಳ ತಿರುಗಿಸಿ ಮುಚ್ಚಿದಳು.

"ಏನೂ ಕಡಿಮಿ ಇಲ್ಲದಾಕಿ ಇಲ್ಲಿಗ್ಯಾಕ ಬಂದೆವ್ವಾ?"

ಹೋಗಲು ಬೇರೆ ಜಾಗವಿರಲಿಲ್ಲ ಎಂಬುದು ನಿಜವಾದ ಉತ್ತರ. ಆಕೆಗೆ ಬರುತ್ತಿದ್ದ ಯಾವ ಭಾಷೆಯಲ್ಲೂ ಅದು ಬಾಯಿಗೆ ಬರಲಿಲ್ಲ.

"ಇದ್ದು ನೋಡು," ಎಂದರು ಅವ್ವಾರು. "ಇರೂದೋ ಹೋಗೂದೋ ಆಮ್ಯಾಲ ನೋಡೂಣಂತ."

ಮರುದಿನ ಅವ್ವಾರು ಆಕೆಯ ಕೈಗೆ ಕಲಾಯಿ ಹಾಕಿದ ಹಿತ್ತಾಳೆ ಪಾತ್ರೆಯೊಂದನ್ನು ಕೊಟ್ಟರು. ಮಠದ ಪದ್ಧತಿ ಅದು. ಮಧ್ಯಾಹ್ನ ಊರಿನ ಐದು ಮನೆಗಳ ಮುಂದೆ ನಿಲ್ಲಬೇಕು. ಬಂದದ್ದನ್ನು ತಂದು ಇಬ್ಬರೂ ಉಣ್ಣಬೇಕು. ಆರನೆಯ ಮನೆಗೆ ಹೋಗುವಂತಿಲ್ಲ, ಐದರಲ್ಲಿ ಒಂದನ್ನು ಬಿಡುವಂತೆಯೂ ಇಲ್ಲ.

ಮೊದಲ ಮನೆಯ ಮುಂದೆ ವಾರಿಜಾಳ ದನಿಯೇ ಹೊರಡಲಿಲ್ಲ. ದೊಡ್ಡ ದೊಡ್ಡ ಸಭೆಗಳಲ್ಲಿ ತಡವರಿಸದೆ ಮಾತಾಡಿದವಳು, "ಭಿಕ್ಷಾ, ತಾಯಿ" ಎಂಬ ಎರಡು ಮಾತಿಗೆ ತಡವರಿಸಿದಳು.

ಎರಡನೆಯ ಮನೆಯ ಬಾಳವ್ವ ಬಾಯಿ ಬಿಗಿಹಿಡಿಯುವವಳಲ್ಲ. "ಏಳು ಸಮುದ್ರ ದಾಟಿದಾಕಿ ನಮ್ಮ ಹೊಸ್ತಲದಾಗ ನಿಂತು ನಾಚತೀಯಲ್ಲವಾ! ಜೋರ್ಲೆ ಕೂಗು, ಒಳಗ ಮಿಕ್ಸರ್ ನಡದೈತಿ."

ಐದನೆಯದು ಓಣಿಯ ಕಡೆಯ ಮನೆ. ಫಕೀರವ್ವ ಅಲ್ಲಿ ಒಬ್ಬಳೇ ಇದ್ದಳು. ಕೌದಿ ಹೊಲಿಯುತ್ತಿದ್ದಳು. ವಾರಿಜಾಳಿಗಿಂತ ನಾಲ್ಕು ವರ್ಷ ಹಿರಿಯಳಿದ್ದಾಳು, ಅಷ್ಟೆ. ಮಾತಿಲ್ಲ, ನಗುವಿಲ್ಲ. ಬಾಗಿಲಿಗೆ ಬಂದು, ಬಾಗಿ, ಪಾತ್ರೆಯೊಳಗೆ ಇಣುಕಿ ನೋಡುವಳು. ಒಳಗೆ ಹೋಗಿ ಏನನ್ನೋ ತಂದು ಹಾಕುವಳು. ಬಾಗಿಲು ಮುಚ್ಚಿಕೊಳ್ಳುವಳು.

ಒಂದು ದಿನ ಪುಂಡಿ ಸೊಪ್ಪಿನ ಪಲ್ಯ ಹಾಕಿದಳು. ರೊಟ್ಟಿ, ಕಾಳು, ಶೇಂಗಾ ಚಟ್ನಿಪುಡಿ ಎಲ್ಲ ಒಣಒಣಗಿ ಬಂದ ದಿನ ಒಂದು ಗಿಂಡಿ ಮಜ್ಜಿಗೆ ತಂದಳು. ಮತ್ತೊಂದು ದಿನ ಬರೀ ಒಂದು ಹಸಿ ಮೂಲಂಗಿ, ಎಲೆ ಸಮೇತ.

"ಆಕೆ ಯಾಕೆ ಹಾಗೆ ಇಣುಕಿ ನೋಡ್ತಾಳೆ?" ಎಂದು ವಾರಿಜಾ ಸಿಡುಕಿದಳು. "ಬೇರೆ ಮನೆಯವರು ಏನು ಕೊಟ್ಟರು ಅನ್ನೋ ಪಂಚಾಯಿತಿ ಆಕೆಗ್ಯಾಕೆ?"

ಅವ್ವಾರು ಮೂಲಂಗಿಯನ್ನು ಮುರಿದು ಅರ್ಧ ಆಕೆಗೆ ಕೊಟ್ಟರು.

"ಇಲ್ಲೀತನಕ ನಿನ್ನ ಪಾತ್ರಿಯೊಳಗ ಇಣುಕಿ ನೋಡಿದಾವರು ಯಾರರೆ ಇದ್ರೇನು?"

ವಾರಿಜಾ ಮೂಲಂಗಿ ಕಡಿದಳು. ಘಾಟು ಮೂಗಿಗೇರಿ ಕಣ್ಣಲ್ಲಿ ನೀರು ಬಂತು. ಮೂಲಂಗಿ ಇದ್ದದ್ದು ಒಳ್ಳೆಯದೇ ಆಯಿತು.

ಆ ತಿಂಗಳ ಅಮಾವಾಸ್ಯೆಯ ಹೊತ್ತಿಗೆ ಹೊಳೆಯಾಚೆಯ ಮಠದ ಹಿರಿಯರೊಬ್ಬರು ಹಾಸಿಗೆ ಹಿಡಿದಿದ್ದಾರೆಂದು ಸುದ್ದಿ ಬಂತು. ಅವ್ವಾರು ದೋಣಿ ಹತ್ತಿದರು.

"ಮಠಾ ನೋಡ್ಕೊಂಡಿರು," ಎಂದರು. ಅಷ್ಟೇ ಎಂದರು.

ಮಧ್ಯಾಹ್ನ ವಾರಿಜಾ ಪಾತ್ರೆ ಎತ್ತಿಕೊಂಡಳು. ಮತ್ತೆ ಕೆಳಗಿಟ್ಟಳು.

ಒಬ್ಬಳ ಹೊಟ್ಟೆಗೆ ಐದು ಮನೆಗೆ ಯಾಕೆ ತೊಂದರೆ? ಡಬ್ಬಿಗಳಿವೆ, ಪುಡಿಯಿದೆ, ಬಾವಿಯಲ್ಲಿ ನೀರಿದೆ. ಯಾರ ಮುಂದೆಯೂ ಕೈಚಾಚದೆ ಇರುವುದೇ ದೊಡ್ಡ ತಪಸ್ಸಲ್ಲವೆ?

ಹಾಗಂದುಕೊಂಡು ಪುಡಿ ಕಲಸಿ ಕುಡಿದಳು. ಮಾತ್ರೆ ನುಂಗಿದಳು. ಲೋಟ ತೊಳೆದಳು. ಊಟ ಮುಗಿಯಿತು.

ಮಧ್ಯಾಹ್ನ ಮಾತ್ರ ಮುಗಿಯಲಿಲ್ಲ. ಹೊಳೆ ಹರಿಯಿತು. ಬೇವಿನ ನೆರಳು ಅಂಗಳದ ಆ ತುದಿಯಿಂದ ಈ ತುದಿಗೆ ಬಂತು. ಸಂಜೆ ದೀಪ ಹಚ್ಚುವಾಗ ಆಕೆಗೆ ಹೊಳೆಯಿತು, ಬೆಳಗಿನಿಂದ ಒಂದು ಮಾತೂ ಆಡಿಲ್ಲವೆಂದು.

ಮರುದಿನವೂ ಅಷ್ಟೆ. ಅದರ ಮರುದಿನವೂ.

ಇದೇನೂ ಹೊಸದಲ್ಲ. ಎಷ್ಟೋ ಊರುಗಳ ಎಷ್ಟೋ ಕೋಣೆಗಳಲ್ಲಿ ಹೀಗೇ ದಿನ ಕಳೆದಿದ್ದಳು. ಅಲ್ಲಿ ಗೋಡೆಯ ಮೇಲೆ ಟಿವಿ ಇತ್ತು, ಇಲ್ಲಿ ಹಲ್ಲಿ ಇತ್ತು. ಒಂದು ಸಂಜೆ, ಮನುಷ್ಯರ ದನಿ ಕೇಳಬೇಕೆನಿಸಿ, ಡಬ್ಬಿಯ ಮೇಲಿದ್ದದ್ದನ್ನು ಗಟ್ಟಿಯಾಗಿ ಓದಿದಳು.

"ದಿನಕ್ಕೊಂದು. ಊಟದ ನಂತರ."

ಹಲ್ಲಿ ಲೊಚಗುಟ್ಟಿತು.

ಹುಣ್ಣಿಮೆಯ ಬೆಳಿಗ್ಗೆ ಅವ್ವಾರು ಮರಳಿದರು. ಬಂದವರೇ ಪಾತ್ರೆಯನ್ನು ನೋಡಿದರು. ಅದರಲ್ಲೊಂದು ಜೇಡ ಮನೆ ಮಾಡಿತ್ತು.

"ಉಣ್ಣಲಿಲ್ಲೇನು?"

"ದೇಹಕ್ಕೆ ಬೇಕಾದದ್ದೆಲ್ಲ ಸಿಕ್ಕಿದೆ ಅವ್ವಾರೇ. ಯಾರಿಗೂ ಭಾರ ಆಗಲಿಲ್ಲ."

ಅವ್ವಾರು ಗೋಡೆ ಹಿಡಿದು ಕೂತರು. ಮೊಣಕಾಲು ತಿಕ್ಕಿಕೊಂಡರು.

"ಫಕೀರವ್ವನ ಮನೀಗೆ ಹೋಗಿ ಬಾ. ನಾ ಬಂದೀನಂತ ಹೇಳು."

ಕಡೆಯ ಮನೆಯ ಬಾಗಿಲು ಮುಚ್ಚಿತ್ತು. ಕಟ್ಟೆಯ ಮೇಲೆ ಬಾಳವ್ವ ಕೂತಿದ್ದಳು. ವಾರಿಜಾಳನ್ನು ಕಂಡು ಎದ್ದುನಿಂತಳು.

"ಬಂದೀ? ಈಗ ದಾರಿ ಗೊತ್ತಾತೇನು?"

"ಏನಾಯ್ತು ಬಾಳವ್ವ?"

"ಏನಾಗಬೇಕು? ಆಕಿ ಮಠಕ್ಕ ನೀಡದ ಹೊರತು ಒಂದ ತುತ್ತು ಬಾಯಾಗಿಡೂದಿಲ್ಲ. ದಿನಾ ಅಡಗಿ ಮಾಡಿ ಬಾಗಲದಾಗ ಕುಂದರತಿದ್ಲು. ಹೊತ್ತು ವಾಲೂತನಕ ನೋಡೂದು, ಮಾಡಿದ್ದ ಒಯ್ದು ಆಕಳಿಗೆ ಹಾಕೂದು. ತಾ ಒಂದ ಹಿಡಿ ಚುರುಮುರಿ ತಿನ್ನೂದು."

"ನೀವ್ಯಾರೂ ಹೇಳಲಿಲ್ವಾ? ನಾನು ಬರೋದಿಲ್ಲ ಅಂತ?"

"ನಾವು ನೀ ಉಪಾಸ ಹಿಡದೀ ಅಂದ್ಕೊಂಡು ಸುಮ್ಮನಾದ್ವಿ. ನಮ್ಮ ಮನ್ಯಾಗ ಉಣ್ಣಾವರು ಬ್ಯಾರೆ ಅದಾರವ್ವಾ. ಆಕಿಗೆ ಹೇಳಿದ್ರ, ಮಠದಾಗ ದೀಪ ಕಾಣತೈತಿ, ಹಸದಾವರು ಯಾರೋ ಅದಾರ, ಬರತಾರ, ಅನ್ನಾಕಿ."

ವಾರಿಜಾಳಿಗೆ ತಾನು ಹಚ್ಚುತ್ತಿದ್ದ ದೀಪ ನೆನಪಾಯಿತು. ಅದನ್ನು ಯಾರಾದರೂ ನೋಡುತ್ತಿದ್ದಾರೆಂದು ಆಕೆ ಎಣಿಸಿರಲಿಲ್ಲ.

"ಗಂಡ ಹೊಳಿ ಪಾಲಾದಾಗ ಹಿಂಗ ಆಗಿತ್ತು," ಎಂದಳು ಬಾಳವ್ವ, ದನಿ ತಗ್ಗಿಸಿ. "ಒಲಿ ಹಚ್ಚೂದ ಬಿಟ್ಟಿದ್ಲು. ಆಗ ಅವ್ವಾರು ಪಾತ್ರಿ ಹಿಡಕೊಂಡು ಬಂದು, ಫಕೀರವ್ವಾ ನನಗ ಹಸಿವಾಗೇತಿ ಅಂತ ನಿಂತ್ರು. ಆವತ್ತಿನಿಂದ ಆಕಿ ಅಡಗಿ ಮಾಡಿದ್ದು. ಈಗ ಮತ್ತ ಬಿಟ್ಟಾಳ. ನಿನ್ನೆ ನಾ ಗಂಜಿ ತಂದ್ರ, ಒಬ್ಬಾಕಿಗೇನ ಊಟಾ ಅಂತ ಗ್ವಾಡಿ ಕಡೆ ಹೊಳ್ಳಿ ಮಲಗಿದ್ಲು."

ವಾರಿಜಾ ಮಠಕ್ಕೆ ಓಡಿದಳು. ಡಬ್ಬಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಮತ್ತೆ ಓಡಿ ಬಂದಳು.

ಫಕೀರವ್ವ ಕೌದಿಯ ಮೇಲೆ ಮಲಗಿದ್ದಳು. ಕೆನ್ನೆ ಒಳಕ್ಕೆ ಹೋಗಿತ್ತು. ವಾರಿಜಾ ಅವಳ ಅಂಗೈಯಲ್ಲಿ ಮಾತ್ರೆಗಳನ್ನಿಟ್ಟಳು.

"ತಗೊಳ್ಳಿ. ಬಹಳ ಒಳ್ಳೆಯವು. ಶಕ್ತಿ ಬರುತ್ತೆ."

ಫಕೀರವ್ವ ಅಂಗೈಯನ್ನು ನೋಡಿದಳು. ಪಾತ್ರೆಯೊಳಗೆ ಇಣುಕುತ್ತಿದ್ದಳಲ್ಲ, ಹಾಗೆಯೇ.

"ಇದನ್ನ ಯಾರು ಮಾಡ್ಯಾರ?"

ಆಕೆಯ ದನಿಯನ್ನು ವಾರಿಜಾ ಕೇಳಿದ್ದು ಅದೇ ಮೊದಲು.

"ಯಾರೂ ಅಂತಿಲ್ಲ. ಕಂಪನಿ."

"ನಿನಗ ಯಾರು ನೀಡತಾರ?"

"ನಾನೇ ತಗೋತೀನಿ."

ಫಕೀರವ್ವ ಮಾತ್ರೆಗಳನ್ನು ಒಂದೊಂದಾಗಿ ವಾರಿಜಾಳ ಅಂಗೈಗೆ ಮರಳಿಸಿದಳು. ಬೆರಳುಗಳನ್ನು ಮಡಿಸಿ ಮುಚ್ಚಿದಳು.

"ಹಂಗಾರ ನಿನಗೂ ಯಾರೂ ಇಲ್ಲ," ಎಂದಳು.

ವಾರಿಜಾ ಮಠಕ್ಕೆ ಬಂದು ಅವ್ವಾರ ಮುಂದೆ ನಿಂತಳು. ಉಸಿರು ಮೇಲೆಕೆಳಗಾಗುತ್ತಿತ್ತು.

"ಡಾಕ್ಟರನ್ನ ಕರೆಸಬೇಕು ಅವ್ವಾರೇ."

"ನೀ ಡಬ್ಬಿ ಕಟ್ಟಿಕೊಂಡು ಓಡಿದಾಗನ ತಿಳೀತು, ಹೇಳಿ ಕಳಸೀನಿ. ಸಂಜೀಕ ಬರತಾರ. ಅಲ್ಲೀತನಕ ನೀ ಏನ ಮಾಡ್ತಿ?"

"ಏನು ಮಾಡಲಿ? ಮಾತ್ರೆ ಕೊಟ್ಟೆ, ಒಲ್ಲೆ ಅಂದಳು. ಇವತ್ತು ನೀವೇ ಆಕೆಗೆ ಉಣ್ಣು ಅಂತ ಹೇಳಿ. ನಾನು ಇಲ್ಲಿಂದ ಹೊರಟುಹೋಗ್ತೀನಿ."

"ಹೋಗೂದು ನಿನಗ ರೂಢಿ ಐತಿ. ಒಲಿ ಹಚ್ಚಾಕ ಬರತೈತೇನು?"

"ಹಚ್ಚಿ ಎಷ್ಟೋ ವರ್ಷ ಆಯ್ತು."

"ಬೆಂಕಿ ಏನು ನಿನ್ನ ಮರತಿರೂದಿಲ್ಲ. ಆಕಿ ಮನ್ಯಾಗ ಹಚ್ಚು. ನನಗ ಹಸಿವಾಗೇತಿ ಅಂತ ಹೇಳು."

ಫಕೀರವ್ವನ ಒಲೆಯಲ್ಲಿ ಮೊದಲು ಹೊಗೆ ಬಂತು, ಆಮೇಲೆ ಬೆಂಕಿ ಬಂತು. ವಾರಿಜಾ ಹೆಸರುಕಾಳು ಬೇಯಿಸಿದಳು. ಹಿತ್ತಲಿನಲ್ಲಿದ್ದ ಸೊಪ್ಪು ಕಿತ್ತು ತಂದು ಸೋಸಿ ಬೇಯಲಿಟ್ಟಳು. ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯಲು ಕೂತಳು. ಒಂದು ಹರಿಯಿತು. ಇನ್ನೊಂದಕ್ಕೆ ಬಾಲ ಬಂತು.

ಮಲಗಿದ್ದಲ್ಲಿಂದಲೇ ಫಕೀರವ್ವ ನೋಡುತ್ತಿದ್ದಳು.

"ಇದ್ಯಾವ ದೇಶದ ನಕಾಶಿ?"

"ನಾನು ನೋಡಿದ ದೇಶವೇ," ಎಂದಳು ವಾರಿಜಾ, ಹೊಗೆಗೆ ಕಣ್ಣೊರೆಸಿಕೊಳ್ಳುತ್ತ. "ಅಲ್ಲೂ ಊಟ ಚೆನ್ನಾಗಿರಲಿಲ್ಲ."

ಕೌದಿಯ ಕಡೆಯಿಂದ ಸಣ್ಣ ಸದ್ದೊಂದು ಬಂತು. ಕೆಮ್ಮಿರಬಹುದು, ನಗುವೂ ಇರಬಹುದು.

ಅಷ್ಟರಲ್ಲಿ ಬಾಗಿಲಲ್ಲಿ ದನಿ ಕೇಳಿತು.

"ಭಿಕ್ಷಾ, ತಾಯಿ."

ಕೋಲೂರಿಕೊಂಡು ಅವ್ವಾರು ನಿಂತಿದ್ದರು. ಒಂದು ಕಾಲನ್ನು ನೆಲಕ್ಕೆ ಸರಿಯಾಗಿ ಊರಲಾಗುತ್ತಿರಲಿಲ್ಲ. ಕೈಯಲ್ಲಿ ಪಾತ್ರೆ. ಉಳಿದ ನಾಲ್ಕೂ ಮನೆಯ ಮುಂದೆ ನಿಂತು ಬಂದಿದ್ದರು.

ವಾರಿಜಾ ರೊಟ್ಟಿ ಹಿಡಿದು ಎದ್ದಳು.

"ತಡಿ," ಎಂದಳು ಫಕೀರವ್ವ.

ಗೋಡೆ ಹಿಡಿದು ಎದ್ದು ಕೂತಳು. ಗೋಡೆ ಹಿಡಿದೇ ನಿಂತಳು. ವಾರಿಜಾ ತೋಳು ಕೊಟ್ಟಳು, ಅವಳು ಬೇಡವೆನ್ನಲಿಲ್ಲ. ಇಬ್ಬರೂ ಬಾಗಿಲಿಗೆ ಬಂದರು. ಫಕೀರವ್ವ ಬಾಗಿ ಪಾತ್ರೆಯೊಳಗೆ ನೋಡಿದಳು. ಈ ಸಲ ವಾರಿಜಾಳೂ ಬಾಗಿ ನೋಡಿದಳು.

"ಕಾಳು ಬಂದೈತಿ. ಅನ್ನ ಬಂದೈತಿ," ಎಂದಳು ಫಕೀರವ್ವ. "ಹುಳಿ ಇಲ್ಲ."

"ಸೊಪ್ಪೂ ಇಲ್ಲ," ಎಂದಳು ವಾರಿಜಾ, ಮೆಲ್ಲಗೆ.

ಫಕೀರವ್ವ ಅವಳ ಮುಖ ನೋಡಿದಳು. ಆಮೇಲೆ ಗೋಡೆಯ ಮಾಡದತ್ತ ಕೈ ತೋರಿಸಿದಳು. ಅಲ್ಲಿ ಹುಳಿಹುಳಿಯಾದ ಪುಂಡಿ ಚಟ್ನಿಯ ಭರಣಿ ಇತ್ತು. ವಾರಿಜಾ ಇಳಿಸಿದಳು, ಫಕೀರವ್ವ ತೆಗೆದು ನೀಡಿದಳು. ಬೆಂದ ಸೊಪ್ಪನ್ನು ವಾರಿಜಾ ನೀಡಿದಳು, ಬಾಲವಿದ್ದ ರೊಟ್ಟಿಯನ್ನೂ.

ಅವ್ವಾರು ರೊಟ್ಟಿಯನ್ನು ತಿರುಗಿಸಿ ನೋಡಿದರು. ಪಾತ್ರೆಯಲ್ಲಿಟ್ಟುಕೊಂಡರು.

"ನೀನೂ ಕುಂಡ್ರು," ಎಂದಳು ಫಕೀರವ್ವ ವಾರಿಜಾಳಿಗೆ. ಎರಡು ತಾಟು ಹಾಕಿಕೊಂಡು ಇಬ್ಬರೂ ಕೂತರು. ಫಕೀರವ್ವ ಮೊದಲ ತುತ್ತನ್ನು ಬಹಳ ಹೊತ್ತು ಅಗಿದಳು. ಎರಡನೆಯದನ್ನು ಬೇಗ ನುಂಗಿದಳು.

ಅವ್ವಾರು ಕಟ್ಟೆ ಇಳಿಯತೊಡಗಿದರು. ವಾರಿಜಾ ಎಡಗೈಯಿಂದ ಸೆರಗಿನ ಗಂಟನ್ನು ಹಿಡಿದು ಬಾಗಿಲಿಗೆ ಬಂದಳು. ಡಬ್ಬಿಗಳು ಇನ್ನೂ ಅಲ್ಲೇ ಇದ್ದವು.

"ಅವ್ವಾರೇ, ಇವನ್ನ ಹೊಳೆಗೆ ಹಾಕಲಾ?"

"ಹೊಳಿ ಏನು ತಪ್ಪು ಮಾಡೈತಿ? ಸಂಜೀಕ ಡಾಕ್ಟರ್ ಬರತಾರಲ್ಲ, ತೋರಸು. ಬೇಕಾದ್ದು ತಗೋ ಅಂದ್ರ ತಗೋ, ಆಕಿಗೂ ಕೊಡು ಅಂದ್ರ ಕೊಡು. ಊಟಾ ಆದಮ್ಯಾಲ."

"ಮತ್ತೆ ನಾನು? ಇರಲೋ, ಹೋಗಲೋ?"

ಅವ್ವಾರು ಇನ್ನೊಂದು ಮೆಟ್ಟಿಲು ಇಳಿದರು. ಕೋಲನ್ನು ಸರಿಮಾಡಿಕೊಂಡರು. ತಿರುಗಿ ನೋಡದೆಯೇ ಹೇಳಿದರು.

"ನಾಳೆ ನನ್ನ ಮೊಣಕಾಲು ಏಳೂದಿಲ್ಲ, ಪಾತ್ರಿ ನೀನ ತಗೊಂಡು ಹೋಗಬೇಕು. ಕಡೀ ಮನೀಗೆ ಬರೂವಾಗ ಅದರಾಗ ಒಂದೀಟು ಏನರೆ ಕಡಿಮಿ ಇರಲಿ."