ಕರಿಕಲ್ಲಿನ ಮೇಲೆ ಭೂಮಿಪೂಜೆ

ಬೇಸಿಗೆಯಲ್ಲಿ ಮಕ್ಕಳು ನೀರಾಡಲೆಂದು ಪುರಸಭೆಯು ಕಾರಂಜಿ ಅಂಗಳವೊಂದನ್ನು ಕಟ್ಟಲು ಹೊರಟಿತ್ತು. ಉದ್ಯಾನದ ಬೇವಿನ ಮರಗಳ ನೆರಳೇ ತಕ್ಕ ಜಾಗವೆಂದು ಗುಮಾಸ್ತೆಯೊಬ್ಬಳು ಟಿಪ್ಪಣಿ ಬರೆದಳು. ಅಧ್ಯಕ್ಷ ಮಹಾರುದ್ರಪ್ಪನವರು ಒಪ್ಪಲಿಲ್ಲ.

“ಮರದಡಿ ಇದ್ದರೆ ಯಾರಿಗಮ್ಮ ಕಾಣುತ್ತದೆ? ಹೆದ್ದಾರಿ ಪಕ್ಕದ ಬಯಲಿನಲ್ಲಿರಲಿ. ಸುತ್ತಲೂ ಹೊಳೆಯುವ ಕರಿಕಲ್ಲು ಹಾಸಿ, ನನ್ನ ಹೆಸರು ಕೆತ್ತಿಸಿ.”

“ಆ ಕಲ್ಲಿನ ಮೇಲೆ ಕೂರುವ ತಾಯಂದಿರ ಗತಿ, ಸರ್?”

“ಅಭ್ಯಾಸವಾಗುತ್ತದೆ.”

ಗುಮಾಸ್ತೆ ಭೂಮಿಪೂಜೆಗೆ ನಡುಮಧ್ಯಾಹ್ನದ ಅಭಿಜಿನ್ ಮುಹೂರ್ತವನ್ನು ಗೊತ್ತುಮಾಡಿದಳು. ಬಯಲಿನಲ್ಲಿ ಬೆಳಿಗ್ಗೆಯೇ ನಾಲ್ಕು ಕರಿಕಲ್ಲು ಹಾಸಿಸಿದಳು. ಹೊಳಪು ಕಾಣಬೇಕೆಂದು ಚಪ್ಪರ ಹಾಕಿಸಲಿಲ್ಲ.

ಅಧ್ಯಕ್ಷರು ಪೂಜೆಗೆಂದು ಚಪ್ಪಲಿ ಕಳಚಿ, ತೆಂಗಿನಕಾಯಿ ಹಿಡಿದು ಕಲ್ಲಿನ ಮೇಲೆ ನಿಂತರು. ಸಂಕಲ್ಪ ಮುಗಿಯುವಷ್ಟರಲ್ಲಿ ಎಡಗಾಲು ಮೇಲೆದ್ದಿತು, ಮರುಕ್ಷಣ ಬಲಗಾಲು. ಕ್ಯಾಮೆರಾಗಳ ಮುಂದೆ ಕೆಳಗಿಳಿಯುವಂತೆಯೂ ಇರಲಿಲ್ಲ.

“ಇನ್ನೆಷ್ಟು ಹೊತ್ತಮ್ಮ?”

“ಅರ್ಧ ಗಂಟೆ, ಸರ್. ಅಭ್ಯಾಸವಾಗುತ್ತದೆ.”

“ಬೇವಿನ ಮರದಡಿಯೇ ಮಾಡೋಣವೆಂದು ನಾನು ಮೊದಲೇ ಹೇಳಿರಲಿಲ್ಲವೇ?”

“ಹೇಳಿದ್ದಿರಿ, ಸರ್. ಟಿಪ್ಪಣಿ ತಂದಿದ್ದೇನೆ.”

ಓದದೆ ರುಜು ಹಾಕುವುದು ಅಧ್ಯಕ್ಷರಿಗೆ ಹೊಸದಲ್ಲ. ಒಂಟಿಕಾಲಿನಲ್ಲಿ ನಿಂತು ಹಾಕಿದ್ದು ಮಾತ್ರ ಅಂದೇ ಮೊದಲು.