ಒಬ್ಬರಿಗೆ ಸಾಕಾಗುವ ಕುಕ್ಕರ್

ಹುಬ್ಬಳ್ಳಿಯ ಒಂದು ಸುದ್ದಿ ಜಾಲತಾಣಕ್ಕೆ ನೀಲಾಂಬಿಕೆ ಅಡುಗೆಯ ಅಂಕಣ ಬರೆಯುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಮಾಡಿದ್ದನ್ನು ತಾನೊಬ್ಬಳೇ ಉಣ್ಣುತ್ತಿದ್ದಳು.

ಒಂದು ದಿನ ಜಾಲತಾಣದ ಮಾಲೀಕ ಪಟ್ಟಣಶೆಟ್ಟರು ಫೋನು ಮಾಡಿದರು. "ಅಕ್ಕಾರ, ಒಂದು ಕಂಪನಿಯ ಸಣ್ಣ ಕುಕ್ಕರ್ ಕಳಿಸೀನಿ. ನಿಮ್ಮ ಬರಹದಾಗ ಹೊಗಳ್ರಿ. ಆದರ ಜಾಹೀರಾತು ಅನ್ನೋ ಶಬ್ದ ಎಲ್ಲೂ ಬರಬಾರದು. ಬಂದರ ನಿಮ್ಮ ಅಂಕಣ ಬಂದ್."

ಓದುಗರನ್ನು ಬಿಟ್ಟರೆ ನೀಲಾಂಬಿಕೆಗೆ ಮಾತಿಗೆ ಯಾರೂ ಇರಲಿಲ್ಲ. ಅವರಿಗೆ ಮೋಸ ಮಾಡಲು ಮನಸ್ಸು ಬರಲಿಲ್ಲ. ಹೀಗೆ ಬರೆದು ತಾನೇ ಪ್ರಕಟಿಸಿದಳು: "ಈ ಕುಕ್ಕರನ್ನು ಕಂಪನಿಯವರು ಹೊಗಳಲೆಂದೇ ಕೊಟ್ಟಿದ್ದಾರೆ. ಮನೆ ತುಂಬ ಜನ ಇದ್ದರೆ ಇದು ಸಾಲದು. ಒಬ್ಬರೇ ಇದ್ದರೆ ಸರಿಹೋಗುತ್ತದೆ. ಮಧ್ಯಾಹ್ನ ನಮ್ಮ ಮನೆಯಲ್ಲಿ ಕೇಳಿಸುವುದು ಇದರ ಸೀಟಿ ಮಾತ್ರ."

ಪಟ್ಟಣಶೆಟ್ಟರು ರೇಗಿದರು. "ಎಲ್ಲಾ ಹೇಳಿಬಿಟ್ಟೀರಲ್ಲ?"

"ನೀವು ಬ್ಯಾಡ ಅಂದ ಶಬ್ದ ಎಲ್ಲಿ ಐತಿ, ತೋರಸ್ರಿ ಸರ."

ಅವರು ಹುಡುಕಿದರು, ಸಿಗಲಿಲ್ಲ. ಅಷ್ಟರಲ್ಲಿ ಕಂಪನಿಯವರೇ ಫೋನು ಮಾಡಿ, ಸಣ್ಣ ಕುಕ್ಕರ್ ಹಿಂದೆಂದೂ ಇಷ್ಟು ಮಾರಾಟವಾಗಿರಲಿಲ್ಲ, ಮುಂದೆಯೂ ಆ ಅಕ್ಕನವರೇ ಬರೆಯಲಿ ಎಂದರು.

ಕೆಲವು ದಿನದ ಮೇಲೆ ಪಟ್ಟಣಶೆಟ್ಟರ ಫೋನು ಮತ್ತೆ ಬಂತು. ಧ್ವನಿ ತಗ್ಗಿತ್ತು.

"ನಾನೂ ಒಂದು ತಗೊಂಡೀನಿ, ಅಕ್ಕಾರ. ಒಬ್ಬರಿಗೆ ಅಕ್ಕಿ ಎಷ್ಟು ಹಾಕಬೇಕು?"