ಪ್ಲಗ್ಗಿನ ತಂತಿ

ಹೊಳೆಯ ದಂಡೆಯ ಒಂದು ಆಶ್ರಮದಲ್ಲಿ ಚನ್ನವೀರಮ್ಮ ಎಂಬ ಗುರು ಇದ್ದರು. ಎಲ್ಲರೂ ಅವರನ್ನು ಅವ್ವ ಎನ್ನುತ್ತಿದ್ದರು.

ಅವ್ವನ ಬಲಗೈಯ ತೋರುಬೆರಳು ಅರ್ಧವೇ ಇತ್ತು. ಅದನ್ನು ಅವರು ತಮ್ಮ ಗುರುವಿಗೆ ದಕ್ಷಿಣೆಯಾಗಿ ಕೊಟ್ಟರೆಂದು ಶಿಷ್ಯರು ನಂಬಿದ್ದರು. ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಆಶ್ರಮದ ಮುಂದೆ ವಿಶಾಲವಾದ ಹುಲ್ಲಿನ ಬಯಲು. ಸೋಮವಾರ ಜನ ಬಂದು ಅದರ ಮೇಲೆ ಕೂರುವರು. ಹುಲ್ಲು ಬೆಳೆದರೆ ಹಾವಿನ ಭಯ. ಇಪ್ಪತ್ತು ವರ್ಷ ಅದನ್ನು ತಿಪ್ಪಣ್ಣನೆಂಬ ಶಿಷ್ಯ ಕುಡುಗೋಲಿನಲ್ಲಿ ಕೊಯ್ದಿದ್ದ. ಆಮೇಲೆ ಭಕ್ತರೊಬ್ಬರು ಕೂತು ಓಡಿಸುವ, ಹುಲ್ಲು ಕತ್ತರಿಸುವ ಗಾಡಿ ಕೊಟ್ಟರು. ಅವ್ವ ಅದನ್ನು ಅಡಿವೆಪ್ಪನೆಂಬ ಹೊಸ ಶಿಷ್ಯನಿಗೆ ಒಪ್ಪಿಸಿದರು.

ಒಂದು ಬೆಳಿಗ್ಗೆ ಅಡಿವೆಪ್ಪ ಸಿಟ್ಟಿನಿಂದ ಬಂದ.

"ಅವ್ವಾ, ಗಾಡಿಯನ್ನು ಯಾರೋ ಕೆಡಿಸುತ್ತಿದ್ದಾರೆ."

"ಏನು ಕೆಡಿಸಿದರು?"

"ಪ್ಲಗ್ಗಿನ ತಂತಿ ಕಿತ್ತಿಡುತ್ತಾರೆ. ಅದಿಲ್ಲದೆ ಕಿಡಿ ಹುಟ್ಟುವುದಿಲ್ಲ, ಎಂಜಿನ್ ಏಳುವುದಿಲ್ಲ. ಇದು ನಾಲ್ಕನೇ ಸಲ."

"ದಿನವೂ ಕೀಳುತ್ತಾರೆಯೇ?"

"ಇಲ್ಲ. ಗಾಡಿಯ ಅಡಿಯ ಅಲಗು ಉಜ್ಜುವ ದಿನ ಮಾತ್ರ. ಎಂಜಿನ್ ಆರಲೆಂದು ಸ್ನಾನಕ್ಕೆ ಹೋಗುತ್ತೇನಲ್ಲ, ಆಗ."

"ಯಾರ ಮೇಲೆ ಅನುಮಾನ?"

"ಇನ್ಯಾರು, ತಿಪ್ಪಣ್ಣ! ನಾನು ಗಾಡಿ ಹತ್ತಿದರೆ ಹೇಗೆ ನೋಡುತ್ತಾನೆ ಗೊತ್ತೇ? ಅವನ ಹೆಗಲ ಮೇಲೆ ಹತ್ತಿ ಕೂತ ಹಾಗೆ. ಅವನನ್ನು ಇಲ್ಲಿಂದ ಕಳಿಸಿಬಿಡಿ."

"ಅವನಿಗೆ ಬೇರೆ ಮನೆ ಇಲ್ಲ."

"ಇವತ್ತು ತಂತಿ, ನಾಳೆ ಬ್ರೇಕು. ಆಮೇಲೆ ನಾನೇ ಇರುವುದಿಲ್ಲ."



"ಹಿಡಿದು ತೋರಿಸು. ಕಳಿಸುತ್ತೇನೆ."

ಮುಂದಿನ ವಾರ ಅಡಿವೆಪ್ಪ ಗಾಡಿಯ ಮುಂದಿನ ಗಾಲಿಗಳನ್ನು ಇಳಿಜಾರು ಹಲಗೆಗೆ ಹತ್ತಿಸಿದ, ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟ. ತಂತಿಯ ತುದಿಯ ರಬ್ಬರ್ ಟೋಪಿಗೆ ಬಟ್ಟೆ ಒಗೆಯುವ ನೀಲಿ ಬಳಿದ. ಕೈ ತೊಳೆದು ಸ್ನಾನಕ್ಕೆ ಹೋದ.

ಬಂದು ನೋಡಿದರೆ ಯಾರೋ ತಂತಿ ಕಿತ್ತಿಟ್ಟಿದ್ದರು.

ಓಡಿಹೋಗಿ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದ ತಿಪ್ಪಣ್ಣನ ಮುಂದೆ ನಿಂತ.

"ಕೈ ತೋರಿಸು."

"ಯಾಕಪ್ಪಾ, ಭವಿಷ್ಯ ಹೇಳುತ್ತೀಯಾ?"

ಅಂಗೈಯಲ್ಲಿ ಒಂದು ಚುಕ್ಕೆ ನೀಲಿಯೂ ಇರಲಿಲ್ಲ.

"ತೊಳೆದುಕೊಂಡಿದ್ದೀಯ! ಇಷ್ಟು ಚೊಕ್ಕಟವಾದ ಕೈ ಕಳ್ಳನದ್ದೇ."

"ಕೊಳೆಯಾಗಿದ್ದರೂ ಕಳ್ಳ, ತೊಳೆದರೂ ಕಳ್ಳ. ಈ ಕೈಯನ್ನು ಎಲ್ಲಿಟ್ಟುಕೊಳ್ಳಲಿ, ನೀನೇ ಹೇಳು."

ಅಡಿವೆಪ್ಪ ಅವನನ್ನು ಅವ್ವನ ಹತ್ತಿರ ಎಳೆದುತಂದ. ಅವ್ವ ಸೆರಗಿನೊಳಗೆ ಕೈ ಮುಚ್ಚಿಕೊಂಡು ಕೂತಿದ್ದರು.

"ಇವನೇ, ಅವ್ವಾ. ಕಳಿಸಿ."

"ಮೊದಲು ಕೆಲಸ ಮುಗಿಯಲಿ," ಎಂದು ಅವ್ವ ಎದ್ದರು.

ಮೂವರೂ ಗಾಡಿಯ ಹತ್ತಿರ ಬಂದರು.

"ತಂತಿ ಕಿತ್ತದ್ದು ತಪ್ಪು ಎನ್ನುತ್ತೀಯಲ್ಲ. ಸಿಕ್ಕಿಸು."

ನೀಲಿ ಅಂಟದ ಹಾಗೆ ಅಡಿವೆಪ್ಪ ಅದನ್ನು ಬಟ್ಟೆಯಲ್ಲಿ ಹಿಡಿದು ಸಿಕ್ಕಿಸಿದ. ಕೀಲಿ ಎಂದಿನಂತೆ ಗಾಡಿಯಲ್ಲೇ ಇತ್ತು. ಅವನು ಅಂಗಾತ ಮಲಗಿ, ಅಲಗಿಗೆ ಮೆತ್ತಿದ ಹಸಿ ಹುಲ್ಲಿನತ್ತ ಕೈ ಚಾಚಿದ.

"ತಾಳು," ಎಂದರು ಅವ್ವ. "ತಿಪ್ಪಣ್ಣ, ನೀನು ಪಕ್ಕದಲ್ಲಿ ನಿಲ್ಲು. ಕೀಲಿಯ ಮೇಲೆ ಕೈ ಇಡು."

ತಿಪ್ಪಣ್ಣ ಇಟ್ಟ.

"ಈಗ ಉಜ್ಜು, ಅಡಿವೆಪ್ಪ."

ಅಡಿವೆಪ್ಪನ ಕೈ ಮುಂದೆ ಹೋಗಲಿಲ್ಲ.

"ಯಾಕೆ?"

"ಇವನು ತಿರುಗಿಸಿಬಿಟ್ಟರೆ?"

"ಇಷ್ಟು ದಿನ ಆ ಭಯ ಇರಲಿಲ್ಲವೇ?"

"ಇಷ್ಟು ದಿನ ಅಲ್ಲಿ ಯಾರೂ ಇರಲಿಲ್ಲ. ಗಾಡಿ ನಿಂತೇ ಇರುತ್ತಿತ್ತು."

"ಇಪ್ಪತ್ತು ವರ್ಷ ಇಲ್ಲೇ ಹುಲ್ಲು ಕೊಯ್ದವನ ಮೇಲೆ ಅನುಮಾನ. ನಿನ್ನೆ ಮೊನ್ನೆ ಬಂದ ಅಲಗಿನ ಮೇಲೆ ಇಲ್ಲ."

"ನಿಂತದ್ದು ಏನು ಮಾಡುತ್ತದೆ, ಅವ್ವಾ?"



ಅಡಿವೆಪ್ಪ ತಿಪ್ಪಣ್ಣನ ಕೈಯನ್ನು ನೋಡಿದ. ಎದ್ದುಬಂದು ಕೀಲಿ ತೆಗೆದು ತನ್ನ ಜೇಬಿಗೆ ಹಾಕಿಕೊಂಡ. ಮತ್ತೆ ಮಲಗಿದ. ಮತ್ತೆ ತಿಪ್ಪಣ್ಣನನ್ನು ನೋಡಿದ. ಇನ್ನೊಂದು ಕೀಲಿ ಮಾಡಿಸಿಟ್ಟಿದ್ದರೆ?

ಎದ್ದ. ಪ್ಲಗ್ಗಿನ ತಂತಿ ಕಿತ್ತು ದೂರಕ್ಕೆ ಸರಿಸಿದ. ಈ ಸಲ ಬಟ್ಟೆಯ ನೆನಪಾಗಲಿಲ್ಲ.

"ಅವ್ವಾ, ಕಳ್ಳ ಸಿಕ್ಕ!" ತಿಪ್ಪಣ್ಣ ನಕ್ಕ. "ನೋಡಿ, ಕೈ ನೀಲಿ."

ಅಡಿವೆಪ್ಪ ತನ್ನ ಬೆರಳುಗಳನ್ನು ನೋಡಿಕೊಂಡ. ಅವನಿಗೆ ನಗು ಬರಲಿಲ್ಲ.

"ಹಾಗಾದರೆ ಇವತ್ತು ಬೆಳಿಗ್ಗೆ ಕಿತ್ತವರು ಯಾರು?"

ಅವ್ವ ಸೆರಗಿನಿಂದ ಬಲಗೈ ಹೊರತೆಗೆದರು. ಅರ್ಧ ಬೆರಳಿನ ಸುಕ್ಕಿನಲ್ಲಿ ನೀಲಿ ಕೂತಿತ್ತು.

"ನೀವು ಒಂದು ಮಾತು ಹೇಳಬಹುದಿತ್ತಲ್ಲ, ಅವ್ವಾ."

"ತಂತಿ ಕಿತ್ತೇ ಅಡಿ ಉಜ್ಜು ಎಂದು ಮೊದಲ ದಿನವೇ ಹೇಳಿದೆ. ನೀನು ಹೊಸ ಸೀಟು ಒರೆಸುತ್ತಿದ್ದೆ."

ಅಡಿವೆಪ್ಪ ತಲೆ ತಗ್ಗಿಸಿದ.

"ತಿಪ್ಪಣ್ಣನನ್ನು ಕಳಿಸಲೇ?"

"ಬೇಡ. ನಾನು ಅಡಿ ಉಜ್ಜುವಾಗ ಅವನು ಹೀಗೇ ಪಕ್ಕದಲ್ಲಿರಲಿ."

ಬಳಿಕ ಅವನು ಆ ಅರ್ಧ ಬೆರಳನ್ನೇ ನೋಡುತ್ತ, ಆಶ್ರಮದಲ್ಲಿ ಯಾರೂ ಕೇಳದಿದ್ದುದನ್ನು ಕೇಳಿದ.

"ಅವ್ವಾ, ಇದು ಗುರುದಕ್ಷಿಣೆಯಲ್ಲವೇ?"

"ಮೇವು ಕತ್ತರಿಸುವ ಯಂತ್ರಕ್ಕೆ ಕೊಟ್ಟದ್ದು," ಎಂದರು ಅವ್ವ. "ಅದೂ ನಿಂತೇ ಇತ್ತು."